ಕುಲುಮೆಯ ಪಕ್ಕದ ಪೊಟ್ಟಣಗಳು

ನಮ್ಮ ಭಾವನಿಗೆ ಪೇಟೆಯವರು ಇಟ್ಟ ಅಡ್ಡಹೆಸರು ತಕ್ಕಡಿ. ಬೆನ್ನ ಹಿಂದೆ ಕರೆಯುವ ಹೆಸರೇ, ಆದರೆ ಎದುರಿಗೆ ಕರೆದಿದ್ದರೂ ಅವರೇನು ಮುನಿಸಿಕೊಳ್ಳುತ್ತಿರಲಿಲ್ಲ, ಉಬ್ಬಿಹೋಗುತ್ತಿದ್ದರು. ಚಿನ್ನದ ಕೆಲಸ ಅವರದು. ಮನೆಯ ಮುಂಕೋಣೆಯೇ ಕೆಲಸದ ಜಾಗ. ಕಿಟಕಿಯ ಕೆಳಗೆ ಮೇಜು, ಅದರ ಮೇಲೆ ಅರ, ಚಿಮಟ, ಚಿನ್ನ ಕರಗಿಸುವ ಮೂಸೆಗಳು. ಒಳಗೋಡೆಗೆ ಒತ್ತಿಕೊಂಡು ಕುಲುಮೆ, ಕುಲುಮೆಯ ಮಗ್ಗುಲಲ್ಲಿ ಪುಟ್ಟ ಪುಟ್ಟ ಖಾನೆಗಳಿರುವ ಬೀಗದ ಬೀರು. ತ್ರಾಸು ಮಾತ್ರ ಗಾಜಿನ ಪೆಟ್ಟಿಗೆಯೊಳಗೆ. ಅದರ ಹತ್ತಿರ ಯಾರೂ ಜೋರಾಗಿ ಉಸಿರು ಬಿಡುವ ಹಾಗಿರಲಿಲ್ಲ. ಒಮ್ಮೆ ನಾನು ಅಲ್ಲಿ ಸೀನಿದ್ದಕ್ಕೆ ಸಂಜೆಯವರೆಗೂ ನನ್ನ ಜೊತೆ ಮಾತು ಬಿಟ್ಟಿದ್ದರು.

ಪೋಣಿಸುವ ಕೆಲಸ ಅಕ್ಕನದು. ಭಾವ ಮಾಡಿದ ಸರಗಳಿಗೆ ಮುತ್ತು, ಮಣಿ ಪೋಣಿಸಿ ಗಂಟು ಹಾಕುವುದು. ಕೂದಲೆಳೆಯಂಥ ಸೂಜಿಗೆ ಒಂದೇ ಸಲಕ್ಕೆ ದಾರ ಏರಿಸುತ್ತಿದ್ದಳು, ಅದೂ ನನ್ನ ಜೊತೆ ಹರಟುತ್ತಾ. ಕೈಯಷ್ಟೇ ಬಾಯಿಯೂ ಚುರುಕು. ಗಂಡನನ್ನು ರೇಗಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮದುವೆಗೆ ಮುಂಚೆ ತನ್ನನ್ನೂ ತೂಗಿಯೇ ಒಪ್ಪಿಕೊಂಡಿರಬೇಕು ಎಂದು ಅವರಿಗೆ ಕೇಳಿಸುವ ಹಾಗೆ ಹೇಳುತ್ತಿದ್ದಳು. ನಾನು ಪಕ್ಕದ ಬೀದಿಯವಳು, ಒಂಟಿ ಜೀವ. ಹೋಟೆಲುಗಳ ಹಾಸುಹೊದಿಕೆ ಒಗೆಯುವ ಲಾಂಡ್ರಿಯಲ್ಲಿ ಕೆಲಸ. ಕೆಲಸ ಮುಗಿದ ಮೇಲೆ ಅಕ್ಕನ ಮನೆಯಲ್ಲಿ ಟೀ ಕುಡಿದು, ಭಾವನ ಜೊತೆ ಒಂದು ಸುತ್ತು ವಾದ ಮಾಡಿದರೇನೇ ನನಗೆ ದಿನ ಮುಗಿದ ಹಾಗೆ.

ಅಕ್ಕನಿಗೆ ಕತ್ತಿನಲ್ಲಿ ಗಂಟಾಗಿ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆದುಹಾಕಿದ್ದರು. ಅಲ್ಲಿಂದ ಮುಂದೆ ದಿನಾ ಬೆಳಗ್ಗೆ ಬರೀ ಹೊಟ್ಟೆಗೆ ಒಂದು ಮಾತ್ರೆ, ಬದುಕಿರುವ ತನಕ. ಮಾತ್ರೆ ನಿಂತರೆ ಮೈಯ ಕೆಲಸವೆಲ್ಲ ಒಂದೊಂದಾಗಿ ನಿಧಾನವಾಗಿ ಕೊನೆಗೆ ಜೀವಕ್ಕೇ ಬರುತ್ತದೆ ಎಂದು ಡಾಕ್ಟರು ಆಗಲೇ ಹೇಳಿ ಕಳಿಸಿದ್ದರು. ಕತ್ತಿನ ಗಾಯದ ಗೆರೆ ಮುಚ್ಚುವುದಕ್ಕೆಂದು ಭಾವ ಅವಳಿಗೆ ಪಟ್ಟಿಯಂಥ ಸರವೊಂದನ್ನು ಮಾಡಿಕೊಟ್ಟರು, ಕತ್ತಿಗೆ ಒತ್ತಿ ಕೂರುವಂಥದ್ದು. ಅಷ್ಟು ಮುತುವರ್ಜಿಯಿಂದ ಅವರು ಯಾವ ಗಿರಾಕಿಗೂ ಮಾಡಿದ್ದನ್ನು ನಾನು ಕಂಡಿಲ್ಲ. ಅಕ್ಕ ಸ್ನಾನಕ್ಕೂ ಅದನ್ನು ಬಿಚ್ಚುತ್ತಿರಲಿಲ್ಲ.

ಮಾತ್ರೆಯಾದರೂ ಎಲ್ಲವೂ ಅವಳಿಗೆ ಹಿಡಿಸಲಿಲ್ಲ. ಮೊದಲು ಕೊಟ್ಟ ಕಂಪನಿಯದ್ದರಲ್ಲಿ ಮೈತುಂಬ ದದ್ದು ಎದ್ದವು. ಎರಡನೆಯದರಲ್ಲಿ ಎದೆ ಹೊಡೆದುಕೊಂಡು, ಬೆವರಿ, ಕಣ್ಣು ಮೇಲಾಗಿ, ಭಾವ ಅವಳನ್ನು ಹೊತ್ತುಕೊಂಡು ಬರಿಗಾಲಲ್ಲಿ ಆಸ್ಪತ್ರೆಗೆ ಓಡಿದ್ದರು. ಮೂರನೆಯದು ಹಸಿರು ಡಬ್ಬಿಯದು. ಅದು ಒಗ್ಗಿತು. ಕಂಪನಿಯ ಹೆಸರು ನಮ್ಮ ಬಾಯಲ್ಲಿ ಬರುತ್ತಲೇ ಇರಲಿಲ್ಲ, ಹಸಿರು ಡಬ್ಬಿ ಎಂದರೆ ಮುಗಿಯಿತು. ವರ್ಷಗಟ್ಟಲೆ ಅದನ್ನು ನುಂಗಿಕೊಂಡು ಅಕ್ಕ ಗುಂಡುಕಲ್ಲಿನ ಹಾಗಿದ್ದಳು.

ಆ ಹಸಿರು ಡಬ್ಬಿ ಒಂದು ದಿನ ಅಂಗಡಿಯಲ್ಲಿ ಇಲ್ಲವೆಂದರು. ಕಾರ್ಖಾನೆಯಲ್ಲಿ ಏನೋ ತೊಂದರೆಯಂತೆ, ಮುಂದಿನ ವಾರ ಬರಬಹುದು ಎಂದಳು ಔಷಧಿ ಅಂಗಡಿಯಾಕೆ. ಮುಂದಿನ ವಾರವೂ ಅದೇ ರಾಗ. ಆಮೇಲೆ ನನ್ನನ್ನು ಬಾಗಿಲಲ್ಲಿ ಕಂಡ ಕೂಡಲೇ ತಲೆ ಅಡ್ಡಡ್ಡ ಆಡಿಸತೊಡಗಿದಳು. ನಾನು ರಜೆ ಹಾಕಿ, ಬಸ್ಸು ಹತ್ತಿ ಇಳಿದು ಊರೆಲ್ಲ ಜಾಲಾಡಿದೆ. ಒಂದು ಅಂಗಡಿಯ ಮುಂದೆ ನನ್ನ ಹಾಗೇ ಖಾಲಿ ಹಸಿರು ಡಬ್ಬಿ ಹಿಡಿದುಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಒಬ್ಬರ ಡಬ್ಬಿಯನ್ನು ಒಬ್ಬರು ನೋಡಿಕೊಂಡೆವು. ಅಲ್ಲಿ ಒಂದೇ ಒಂದು ಡಬ್ಬಿ ಸಿಕ್ಕಿದ್ದರೆ ನಾನು ಅವಳ ಕೈಯಿಂದ ಕಿತ್ತುಕೊಂಡು ಓಡುತ್ತಿದ್ದೆ, ಹೇಳಲು ನನಗೇನೂ ನಾಚಿಕೆಯಿಲ್ಲ.

ಬೇರೆ ಕಂಪನಿಯದನ್ನು ಸ್ವಲ್ಪ ಸ್ವಲ್ಪವಾಗಿ ಶುರುಮಾಡೋಣ, ಆಗಾಗ ರಕ್ತ ಪರೀಕ್ಷೆ ಮಾಡಿಸಿ ನೋಡಿಕೊಳ್ಳೋಣ ಎಂದು ಡಾಕ್ಟರು ಹೇಳಿದರು. ಅಕ್ಕ ಹೂಂ ಎನ್ನುವುದರಲ್ಲಿದ್ದಳು, ಭಾವ ಬಿಡಲಿಲ್ಲ.

‘ಎಲ್ಲಾ ಒಂದೇ ಅಂತಾರೆ. ಒಂದೇ ಆಗಿದ್ರೆ ಆವತ್ತು ಇವಳನ್ನ ಹೊತ್ಕೊಂಡು ನಾನು ಯಾಕೆ ಓಡ್ಬೇಕಿತ್ತು?’ ಎಂದರು.

ಅವತ್ತು ಅವರ ಅಂಗಾಲಿನಿಂದ ಗಾಜಿನ ಚೂರು ತೆಗೆದವಳು ನಾನೇ.

ಕೊನೆಗೆ ದಾರಿ ಹುಡುಕಿದವರೂ ಭಾವನೇ. ಅವರ ಗಿರಾಕಿಯೊಬ್ಬರಿಗೆ ಔಷಧಿ ಸಗಟು ವ್ಯಾಪಾರ. ಅವರ ಗೋದಾಮಿನಲ್ಲಿ ಅದೇ ಕಂಪನಿಯ, ಅದೇ ಮಾತ್ರೆಯ ದೊಡ್ಡ ಬಾಟಲಿ ಒಂದು ಉಳಿದಿತ್ತು. ಆದರೆ ಅದು ಅಕ್ಕನ ಮಾತ್ರೆಯ ನಾಲ್ಕು ಪಟ್ಟು ಬಲದ್ದು. ಒಂದನ್ನು ನಾಲ್ಕು ಮಾಡಿ ಕೊಡಬಹುದು, ಬೇಕಾದಾಗ ಒಂದೊಂದನ್ನೇ ಕತ್ತರಿಸಿಕೊಳ್ಳಿ, ಉಳಿದದ್ದು ಬಾಟಲಿಯಲ್ಲೇ ಇರಲಿ, ಬಿಗಿಯಾಗಿ ಮುಚ್ಚಿಡಿ ಎಂದಳು ನಮ್ಮ ಔಷಧಿ ಅಂಗಡಿಯಾಕೆ. ಭಾವ ಬಾಟಲಿಯನ್ನು ಎದೆಗವಚಿಕೊಂಡು ಮನೆಗೆ ಬಂದ ದಿನ ಅಕ್ಕ ಅತ್ತಳು. ನನಗೂ ಹೋದ ಜೀವ ಬಂದ ಹಾಗಾಯಿತು.

ಭಾವ ಒಂದು ಮಾತ್ರೆಯನ್ನು ಬ್ಲೇಡಿನಿಂದ ಕತ್ತರಿಸಿದರು. ಅದು ನಾಲ್ಕಾಗುವ ಬದಲು ಮೂರು ಚೂರು, ಒಂದಿಷ್ಟು ಪುಡಿಯಾಯಿತು. ಚೂರುಗಳನ್ನು ತ್ರಾಸಿಗೆ ಹಾಕಿದರು. ಒಂದು ಹೆಚ್ಚು, ಒಂದು ಕಮ್ಮಿ. ಅವರ ಮುಖ ನೋಡಬೇಕಿತ್ತು, ಯಾರೋ ಅವರ ಬೀರುವಿನಿಂದ ಕಳ್ಳತನ ಮಾಡಿದ ಹಾಗೆ. ಒಂದು ದಿನ ಜಾಸ್ತಿ, ಒಂದು ದಿನ ಕಮ್ಮಿ ನುಂಗಿದರೆ ಮತ್ತೆ ಎದೆ ಹೊಡೆದುಕೊಳ್ಳುವುದಿಲ್ಲವೇ? ಇಂಥ ಕೊಳಕು ಕೆಲಸ ತಮ್ಮ ಕೈಯಲ್ಲಿ ಆಗದು ಎಂದರು.

ಚಿನ್ನದವರ ರೀತಿಯೇ ಬೇರೆ. ತುಂಡು ತುಂಡು ಚಿನ್ನ ಬಂದರೆ ಒಂದೊಂದನ್ನೇ ನಂಬುವುದಿಲ್ಲ. ಎಲ್ಲವನ್ನೂ ಒಂದೇ ಮೂಸೆಗೆ ಹಾಕಿ ಕರಗಿಸಿ, ಒಂದೇ ಹದಕ್ಕೆ ತಂದು, ಆಮೇಲೆ ಬೇಕಾದಷ್ಟು ತೂಗಿ ತೆಗೆಯುತ್ತಾರೆ. ಭಾವ ಮಾತ್ರೆಗೂ ಅದನ್ನೇ ಮಾಡಿದರು. ಬಾಟಲಿಯಷ್ಟನ್ನೂ ಕಲ್ಲಿನ ಪುಟ್ಟ ಖಲ್ವಕ್ಕೆ ಸುರಿದು, ಮೈದಾ ಹಿಟ್ಟಿಗಿಂತ ನುಣ್ಣಗೆ ಅರೆದು, ತಿರುಗಾಮುರುಗಾ ಕಲಸಿ, ದಿನಕ್ಕೊಂದರಂತೆ ತೂಗಿ, ಹರಳು ಕಟ್ಟುವ ನುಣುಪು ಕಾಗದದಲ್ಲಿ ಪೊಟ್ಟಣ ಕಟ್ಟಿದರು. ಕೆಲಸ ಮುಗಿಯುವವರೆಗೆ ಕಿಟಕಿ ತೆಗೆಯಲಿಲ್ಲ, ಗಾಳಿಗೆ ಪುಡಿ ಹಾರೀತೆಂದು. ಕೊನೆಗೆ ಪೊಟ್ಟಣಗಳನ್ನೆಲ್ಲ ಬೀಗದ ಬೀರುವಿನ ಮೇಲಿನ ಖಾನೆಯಲ್ಲಿಟ್ಟರು. ಆ ಮನೆಯಲ್ಲಿ ಬೆಲೆಬಾಳುವ ವಸ್ತುವಿಗೆ ಇದ್ದ ಜಾಗ ಅದೊಂದೇ.

‘ಗುಲಗಂಜಿಯಷ್ಟೂ ಹೆಚ್ಚುಕಮ್ಮಿ ಇಲ್ಲ’ ಎಂದು ಅಕ್ಕನ ಕೈಗೆ ಮೊದಲ ಪೊಟ್ಟಣ ಕೊಟ್ಟರು.

ನಾನೂ ಮೆಚ್ಚಿಕೊಂಡೆ. ಬಾಯಿಬಿಟ್ಟು ಹೊಗಳಿದರೆ ತಲೆಯ ಮೇಲೆ ಕೂರುತ್ತಾರೆಂದು ಸುಮ್ಮನಿದ್ದೆ, ಅಷ್ಟೆ.

ಕೆಲವು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಅಕ್ಕ ಚಳಿ ಚಳಿ ಎನ್ನತೊಡಗಿದಳು. ಬಿಸಿಲು ಬಿದ್ದ ಮಧ್ಯಾಹ್ನಗಳಲ್ಲೂ ಹೆಗಲ ಮೇಲೆ ಉಣ್ಣೆಯ ಶಾಲು. ಭಾವ ಅವಳ ಕುರ್ಚಿಯನ್ನು ಕಿಟಕಿಯ ಹತ್ತಿರದಿಂದ ಎತ್ತಿ ಕುಲುಮೆಯ ಪಕ್ಕಕ್ಕೆ ಹಾಕಿದರು. ಮೊದಲೆಲ್ಲ ಚಿನ್ನ ಕರಗಿಸುವ ಹೊತ್ತಿಗೆ ಮಾತ್ರ ಉರಿಯುತ್ತಿದ್ದ ಕುಲುಮೆ ಈಗ ಬೆಳಗ್ಗೆಯಿಂದಲೇ ಉರಿಯುತ್ತಿತ್ತು. ಕೆಲಸವಿಲ್ಲದ ದಿನವೂ ಅವಳಿಗೋಸ್ಕರ ಹೊತ್ತಿಸುತ್ತಿದ್ದರು. ನಾನು ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ನಮ್ಮ ಲಾಂಡ್ರಿಯ ಒಣಗಿಸುವ ಕೋಣೆಗೆ ಹೋದ ಹಾಗಾಗುತ್ತಿತ್ತು. ಅಕ್ಕ ಮಾತ್ರ ಕೈಗಳನ್ನು ಬೆಂಕಿಯ ಕಡೆ ಚಾಚಿ, ಇವರೊಬ್ಬರಿಲ್ಲದಿದ್ದರೆ ನಾನು ಹೆಪ್ಪುಗಟ್ಟಿ ಹೋಗುತ್ತಿದ್ದೆ ಎನ್ನುತ್ತಿದ್ದಳು.

ಅವಳ ಮಾತು ನಿಧಾನವಾಯಿತು. ದನಿ ದಪ್ಪಗಾಗಿ, ಗೊಗ್ಗರಾಗಿ, ಬೇರೆ ಯಾರದೋ ಗಂಟಲಿನಿಂದ ಬಂದ ಹಾಗೆ ಕೇಳುತ್ತಿತ್ತು. ನಾನೊಂದು ಕೇಳಿ ಅವಳ ಉತ್ತರಕ್ಕೆ ಕಾಯುವಷ್ಟರಲ್ಲಿ ನನ್ನ ಟೀ ಆರುತ್ತಿತ್ತು. ಗಂಡನನ್ನು ರೇಗಿಸುವುದನ್ನು ಬಿಟ್ಟಳು. ಅದು ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿತು. ಮುಖ ಊದಿತು. ಕತ್ತಿನ ಸರ ಬಿಗಿಯಾಗಿ ಚರ್ಮದ ಮೇಲೆ ಗೆರೆ ಬಿತ್ತು. ಭಾವ ಅದಕ್ಕೊಂದು ಕೊಂಡಿ ಸೇರಿಸಿಕೊಟ್ಟರು. ಸ್ವಲ್ಪ ದಿನಕ್ಕೆ ಮತ್ತೊಂದು. ಮೈ ಬಂದಿದೆ, ಕೂತಲ್ಲೇ ಕೂತರೆ ಇನ್ನೇನಾಗುತ್ತದೆ ಎಂದು ನಕ್ಕರು. ಒಂದು ಸಂಜೆ ಅಕ್ಕ ಸೂಜಿಗೆ ದಾರ ಏರಿಸಲು ಒದ್ದಾಡುತ್ತಿದ್ದಳು. ಬೆರಳುಗಳು ದಪ್ಪಗಾಗಿ ಬಾಗುತ್ತಲೇ ಇರಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿ, ಸೂಜಿಯನ್ನು ತಟ್ಟೆಯಲ್ಲಿಟ್ಟು, ಏನೂ ಆಗದವಳ ಹಾಗೆ ಬೆಂಕಿ ನೋಡುತ್ತಾ ಕೂತಳು. ನನಗೆ ತಡೆಯಲಾಗಲಿಲ್ಲ.

ಮಾತ್ರೆ ಕೆಲಸ ಮಾಡ್ತಿಲ್ಲ ಭಾವ, ನಾಳೆಯೇ ರಕ್ತ ಪರೀಕ್ಷೆ ಮಾಡಿಸಿ ಎಂದು ಕೂಗಾಡಿದೆ. ಕಂಪನಿ ಬದಲಾದರೆ ಪರೀಕ್ಷೆ ಬೇಕು ಎಂದಿದ್ದರು ಡಾಕ್ಟರು, ಕಂಪನಿ ಬದಲಾಗಿಲ್ಲವಲ್ಲ ಎಂದರು ಅವರು. ಹಾಗಾದರೆ ಒಂದರ ಬದಲು ಎರಡು ಪೊಟ್ಟಣ ಕೊಡಿ ಎಂದೆ. ನನ್ನನ್ನು ಕೊಲೆಗಾರ್ತಿಯ ಹಾಗೆ ನೋಡಿದರು. ಎದ್ದುಹೋಗಿ ಬೀರುವಿನ ಬೀಗ ತೆಗೆದು, ಕೈಗೆ ಸಿಕ್ಕ ಪೊಟ್ಟಣವನ್ನು ಬಿಚ್ಚಿ ತ್ರಾಸಿಗೆ ಸುರಿದರು.

‘ನೋಡು. ನೀನೇ ನೋಡು. ಎಲ್ಲಿ ಕಮ್ಮಿಯಾಗಿದೆ ತೋರ್ಸು.’

ಮುಳ್ಳು ನಡುಗೆರೆಯ ಮೇಲೆ ಕದಲದೆ ನಿಂತಿತ್ತು. ನನಗೆ ಆ ತ್ರಾಸನ್ನು ಕೆಳಗೆ ಬೀಳಿಸಿ ತುಳಿಯಬೇಕು ಎನ್ನಿಸಿತು.

‘ಅವರು ತೂಗಿದ್ದು ಇವತ್ತಿನವರೆಗೂ ತಪ್ಪಿಲ್ಲ ಕಣೆ’ ಎಂದಳು ಅಕ್ಕ, ಎಷ್ಟೋ ಹೊತ್ತಾದ ಮೇಲೆ. ‘ನಂಗೇ ವಯಸ್ಸಾಯ್ತು ಅನ್ಸುತ್ತೆ.’

ವಯಸ್ಸಂತೆ. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ನಾನಿನ್ನೂ ನೆನೆದ ಹಾಸುಗಳ ಗಂಟನ್ನು ಒಬ್ಬಳೇ ಎತ್ತಿ ಹಾಕುತ್ತೇನೆ.

ಭಾವನಿಗೂ ಒಳಗೊಳಗೇ ಭಯ ಹೊಕ್ಕಿತ್ತು, ಅದನ್ನು ಇಲ್ಲವೆಂದರೆ ನನ್ನ ನಾಲಿಗೆ ಬಿದ್ದುಹೋದೀತು. ಆದರೆ ಆ ಭಯ ತ್ರಾಸಿನ ಕಡೆ ತಿರುಗಲಿಲ್ಲ, ಅಕ್ಕನ ಕಡೆ ತಿರುಗಿತು. ಅವಳೇ ಸರಿಯಾಗಿ ನುಂಗುತ್ತಿಲ್ಲ, ಪುಡಿ ಕಾಗದಕ್ಕೆ ಅಂಟಿಕೊಂಡು ಉಳಿಯುತ್ತದೆ ಎಂದು ಅನುಮಾನ. ಬೆಳಗ್ಗೆ ಎದುರಿಗೆ ಕೂತು ಬಾಯಿಗೆ ತಾವೇ ಸುರಿದು, ಕಾಗದವನ್ನು ನೀರಿನಲ್ಲಿ ಜಾಲಿಸಿ ಆ ನೀರನ್ನೂ ಕುಡಿಸತೊಡಗಿದರು. ಹೆಂಡತಿಯ ತುಟಿಯಂಚಿಗೆ ಅಂಟಿದ ಪುಡಿಯನ್ನು ಬೆರಳಿನಿಂದ ಸವರಿ ಅವಳ ನಾಲಿಗೆಗೆ ಹಚ್ಚುತ್ತಿದ್ದರು. ಅಕ್ಕ ಮಗುವಿನ ಹಾಗೆ ಬಾಯಿ ತೆರೆಯುತ್ತಿದ್ದಳು. ಅದನ್ನು ಕಣ್ಣಾರೆ ನೋಡಿದವಳು ನಾನು. ಇವತ್ತಿಗೂ ಅವರ ಮೇಲೆ ಪೂರ್ತಿಯಾಗಿ ಕೋಪ ಮಾಡಿಕೊಳ್ಳಲು ಬಿಡದಿರುವುದು ಅದೊಂದೇ.

ವಾರದ ರಜೆಯ ದಿನ ಅವಳನ್ನು ಎಳೆದುಕೊಂಡಾದರೂ ಆಸ್ಪತ್ರೆಗೆ ಹೋಗುವುದೆಂದು ನಾನು ತೀರ್ಮಾನಿಸಿದ್ದೆ. ಅದಕ್ಕೆ ಮುಂಚೆಯೇ ಒಂದು ಬೆಳಗ್ಗೆ ಲಾಂಡ್ರಿಗೆ ಫೋನು ಬಂತು. ಭಾವ ಮಾತಾಡುತ್ತಿದ್ದರು. ಇವಳು ಏಳ್ತಿಲ್ಲ ಎಂದರು, ಅಷ್ಟೇ ಹೇಳಿದರು. ನಾನು ಓಡಿ ಹೋಗುವಷ್ಟರಲ್ಲಿ ಆಂಬುಲೆನ್ಸ್ ಬಾಗಿಲಲ್ಲಿತ್ತು. ಅಕ್ಕನ ಕೈ ಮುಟ್ಟಿದೆ. ನಲ್ಲಿಯ ಕೆಳಗೆ ಇಟ್ಟು ತೆಗೆದ ಹಾಗೆ ತಣ್ಣಗಿತ್ತು. ಉಸಿರು ಬಂದು, ನಿಂತು, ಮುಂದಿನದು ಬರುತ್ತದೋ ಇಲ್ಲವೋ ಎಂದು ನಾವು ಕಾಯುವಷ್ಟು ತಡವಾಗಿ ಬರುತ್ತಿತ್ತು. ಒಳಗೆ ಕುಲುಮೆ ಆಗಲೇ ಉರಿಯುತ್ತಿತ್ತು. ಎದ್ದ ಕೂಡಲೇ ಅವಳಿಗೆ ಬೆಚ್ಚಗಿರಲೆಂದು ಅವರು ಮೊದಲು ಮಾಡುತ್ತಿದ್ದ ಕೆಲಸ ಅದೇ.

ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಒಯ್ದರು. ನಮ್ಮನ್ನು ಓಣಿಯಂಥ ಜಾಗದ ಬೆಂಚಿನ ಮೇಲೆ ಕೂರಿಸಿದರು. ಬಹಳ ಹೊತ್ತಿನ ಮೇಲೆ ಡಾಕ್ಟರಮ್ಮ ಬಂದಳು. ಚಿಕ್ಕ ವಯಸ್ಸಿನವಳು, ಕಣ್ಣ ಕೆಳಗೆ ಕಪ್ಪು. ಎಷ್ಟು ದಿನದಿಂದ ಥೈರಾಯ್ಡ್ ಮಾತ್ರೆ ನಿಲ್ಲಿಸಿದ್ದಾರೆ ಎಂದು ಕೇಳಿದಳು. ನಿಲ್ಲಿಸಿಲ್ಲ, ಒಂದು ದಿನವೂ ತಪ್ಪಿಸಿಲ್ಲ ಎಂದರು ಭಾವ. ರಕ್ತದಲ್ಲಿ ಅದರ ಸುಳಿವೇ ಇಲ್ಲವೆನ್ನುವಷ್ಟು ಕಮ್ಮಿಯಿದೆ, ತಿಂಗಳುಗಟ್ಟಲೆ ಮಾತ್ರೆ ಕಾಣದವರ ರಕ್ತದ ಹಾಗಿದೆ ಎಂದಳು ಅವಳು. ಭಾವ ಅಂಗಿಯ ಜೇಬಿನಿಂದ ಪೊಟ್ಟಣ ತೆಗೆದು ಅಂಗೈಯಲ್ಲಿಟ್ಟು ಚಾಚಿದರು. ಅಷ್ಟು ಗಾಬರಿಯಲ್ಲೂ ಅದನ್ನು ಮರೆಯದೆ ತಂದಿದ್ದರು. ಹೇಗೆ ಅರೆದದ್ದು, ಹೇಗೆ ಕಲಸಿದ್ದು, ಹೇಗೆ ತೂಗಿದ್ದು, ಎಲ್ಲವನ್ನೂ ವಿವರಿಸಿದರು. ಅವರ ದನಿಯಲ್ಲಿ ಆಗಲೂ ಒಂದಿಷ್ಟು ಹೆಮ್ಮೆ ಇತ್ತು.

ಡಾಕ್ಟರಮ್ಮ ಪೊಟ್ಟಣವನ್ನು ಬಿಚ್ಚಲಿಲ್ಲ. ಇದನ್ನು ಎಲ್ಲಿಡುತ್ತಿದ್ದಿರಿ ಎಂದು ಕೇಳಿದಳು.

‘ಬೀಗದಲ್ಲೇ ಇಡ್ತಿದ್ದೆ, ಕುಲುಮೆ ಪಕ್ಕ’ ಎಂದರು ಭಾವ. ‘ಯಾರೂ ಮುಟ್ಟಿಲ್ಲ.’

ಅವಳು ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು. ಈ ಔಷಧಿಗೆ ಬಿಸಿ ಆಗದು. ಮಾತ್ರೆಯಾಗಿ ಬಾಟಲಿಯಲ್ಲಿದ್ದರೆ ಹೇಗೋ ತಡೆದುಕೊಳ್ಳುತ್ತದೆ, ಪುಡಿ ಮಾಡಿ ಕಾಗದದಲ್ಲಿ ಕಟ್ಟಿ ಬೆಂಕಿಯ ಹತ್ತಿರ ಇಟ್ಟರೆ ದಿನದಿನಕ್ಕೂ ಸತ್ತ್ವ ಕಳೆದುಕೊಳ್ಳುತ್ತದೆ.

‘ಇಲ್ಲಮ್ಮ, ಕಮ್ಮಿಯಾಗಿಲ್ಲ. ಮೊನ್ನೆ ಕೂಡ ತೂಗಿ ನೋಡಿದೀನಿ. ಇವಳೇ ಸಾಕ್ಷಿ’ ಎಂದು ಭಾವ ನನ್ನ ಕಡೆ ತಿರುಗಿದರು.

‘ತೂಕ ಹಾಗೇ ಇರುತ್ತೆ. ಒಳಗಿನ ಔಷಧಿ ಹೋಗಿರುತ್ತೆ.’

ನನಗೆ ತಟ್ಟನೆ ತಿಳಿಯಿತು. ನಮ್ಮಲ್ಲಿ ಒಣಗಿಸುವಾಗ ಬಿಸಿ ಹೆಚ್ಚಾದ ಹಾಸು ನೋಡಲು ಬೆಳ್ಳಗೆ, ಮಡಿಸಿಟ್ಟರೆ ಹೊಸದರ ಹಾಗೇ ಇರುತ್ತದೆ, ಹಿಡಿದೆಳೆದರೆ ಮಾತ್ರ ಹಪ್ಪಳದ ಹಾಗೆ ಹರಿಯುತ್ತದೆ. ಭಾವನಿಗೆ ತಿಳಿಯಲಿಲ್ಲ. ಅವರು ಹುಟ್ಟಿದಾಗಿನಿಂದ ಬದುಕಿದ್ದು ಬೆಂಕಿಯಿಂದ ಏನೂ ಕೆಡದ ವಸ್ತುವಿನ ಜೊತೆ. ಎಷ್ಟು ಸುಟ್ಟರೂ ಚಿನ್ನ ಚಿನ್ನವೇ, ತೂಕ ಸರಿಯಿದ್ದರೆ ಎಲ್ಲವೂ ಸರಿ. ಅಂಗೈಯ ಪೊಟ್ಟಣವನ್ನೇ ನೋಡುತ್ತಾ ನಿಂತರು. ಅವಳಿಗೆ ಚಳಿಯಾಗುತ್ತಿತ್ತು ಎಂದರು, ಯಾರಿಗೂ ಅಲ್ಲ. ಆಗ ಅವರಿಗೆ ಪೂರ್ತಿ ಅರ್ಥವಾಯಿತು ಎಂದು ನನಗನ್ನಿಸಿತು. ಔಷಧಿ ಕೆಟ್ಟಷ್ಟೂ ಅವಳಿಗೆ ಚಳಿ ಹೆಚ್ಚಿತ್ತು, ಚಳಿ ಹೆಚ್ಚಿದಷ್ಟೂ ಇವರು ಬೆಂಕಿ ಹೆಚ್ಚಿಸಿದ್ದರು.

ಆ ಹೊತ್ತಿಗೆ ಅವರಿಗೆ ಅನ್ನಬೇಕೆಂದು ನಾನು ಕೂಡಿಟ್ಟುಕೊಂಡಿದ್ದ ಮಾತುಗಳು ಒಂದೆರಡಲ್ಲ. ಅವೆಲ್ಲ ಬಿಟ್ಟು, ಬೆಂಚಿನ ಮೇಲೆ ಸರಿದು ಅವರಿಗೆ ಕೂರಲು ಜಾಗ ಮಾಡಿಕೊಟ್ಟೆ.

ಔಷಧಿಯನ್ನು ನೇರ ರಕ್ತಕ್ಕೆ ಕೊಟ್ಟರು. ಮಾರನೇ ದಿನ ಅಕ್ಕ ಕಣ್ಣು ಬಿಟ್ಟಳು. ನಮ್ಮಿಬ್ಬರನ್ನೂ ಒಳಗೆ ಬಿಟ್ಟರು. ಹೊದಿಕೆಯ ಮೇಲೆ ಹೊದಿಕೆ ಹಾಕಿದ್ದರು, ಕತ್ತಿನಲ್ಲಿ ಸರವಿರಲಿಲ್ಲ, ಗಾಯದ ಹಳೆಯ ಗೆರೆ ಬೆಳ್ಳಗೆ ಕಾಣುತ್ತಿತ್ತು. ಭಾವ ಮಂಚದ ಪಕ್ಕ ಮಂಡಿಯೂರಿ ಅವಳ ಮುಖದ ಹತ್ತಿರ ಮುಖ ಒಯ್ದರು. ಅಕ್ಕ ಅವರ ಕೆನ್ನೆ ಮುಟ್ಟಿದಳು. ಒಂದೊಂದೇ ಪದವನ್ನು ಹುಡುಕಿ ಹುಡುಕಿ ಹೇಳಿದಳು.

‘ಮನೇಲಿ ಕುಲುಮೆ ಆರಿಸ್ಬೇಡಿ. ನಂಗೆ ಅದೊಂದೇ ಹಿತ.’

ಭಾವ ಹೂಂ ಎಂದರು. ಆ ಹೂಂ ಕೇಳಿದ ಮೇಲೆ ನಾನು ಹೊರಗೆ ಬಂದುಬಿಟ್ಟೆ. ಅಕ್ಕನ ಎದೆ ಅಷ್ಟು ದಿನ ತಣ್ಣಗೆ ಮಲಗಿದ್ದು, ಔಷಧಿ ಒಮ್ಮೆಲೇ ಎಬ್ಬಿಸಿದ್ದನ್ನು ತಾಳಿಕೊಳ್ಳಲಿಲ್ಲ. ಅವತ್ತು ಸಂಜೆಯೇ ಹೋದಳು.

ನರ್ಸು ಅವಳ ಸರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು. ಕತ್ತು ಊದಿ ಬಿಚ್ಚಲು ಬಾರದೆ ಕತ್ತರಿಸಿದ್ದರಂತೆ. ಕತ್ತರಿಸಿದ್ದು ಭಾವ ಕೊನೆಗೆ ಸೇರಿಸಿದ ಕೊಂಡಿಯ ಹತ್ತಿರ. ಅದನ್ನು ಅವರಿಗೆ ಕೊಡಲು ನನಗೆ ಧೈರ್ಯ ಬರಲಿಲ್ಲ, ಎಷ್ಟೋ ದಿನ ನನ್ನ ಬಟ್ಟೆಗಳ ನಡುವೆ ಇಟ್ಟುಕೊಂಡಿದ್ದೆ.

ಕೊಡಲೇಬೇಕಲ್ಲ, ಒಂದು ಮಧ್ಯಾಹ್ನ ತೆಗೆದುಕೊಂಡು ಹೋದೆ. ಬಾಗಿಲು ತೆಗೆದಾಗ ಬಿಸಿ ಮುಖಕ್ಕೆ ಹೊಡೆಯಿತು. ಕಿಟಕಿ ಮುಚ್ಚಿತ್ತು, ಕುಲುಮೆ ಧಗಧಗ ಉರಿಯುತ್ತಿತ್ತು. ಮೇಜಿನ ಮೇಲೆ ಕೆಲಸವೇನೂ ಇರಲಿಲ್ಲ, ಬೆಂಕಿಯಲ್ಲಿಟ್ಟ ಮೂಸೆ ಖಾಲಿ. ತ್ರಾಸಿನ ಗಾಜಿನ ಪೆಟ್ಟಿಗೆಯ ಮೇಲೆ ಯಾವುದೋ ಹಳೆಯ ಬಟ್ಟೆ ಹೊದಿಸಿದ್ದರು. ಭಾವ ಅಕ್ಕನ ಕುರ್ಚಿಯಲ್ಲಿ, ಅಕ್ಕನ ಉಣ್ಣೆಯ ಶಾಲು ಹೊದ್ದು ಕೂತಿದ್ದರು. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಅಂಗಿ ಮೈಗೆ ಅಂಟಿಕೊಂಡಿತ್ತು.

ಇದೇನು ಭಾವ, ಆರಿಸಿ ಇದನ್ನ, ಸತ್ತುಹೋಗ್ತೀರಿ ಎಂದು ನಾನು ನೀರಿನ ಕೊಡಕ್ಕೆ ಕೈ ಹಾಕಿದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಬಿಗಿಯಾಗಿಯೇನೂ ಹಿಡಿಯಲಿಲ್ಲ.

‘ಆರಿಸ್ಬೇಡ ಅಂದಿದಾಳೆ’ ಎಂದರು.

ನಾನು ಕೊಡ ಬಿಟ್ಟೆ. ಸರದ ಚೀಲ ನನ್ನ ಇನ್ನೊಂದು ಕೈಯಲ್ಲೇ ಇತ್ತು. ಮೇಜಿನ ಹತ್ತಿರದ ಮಣೆ ಎಳೆದುಕೊಂಡು ಅವರ ಪಕ್ಕ ಕೂತೆ, ಬೆಂಕಿಯ ಕಡೆ ಮುಖ ಮಾಡಿ.